ಬಲಂಗಿಗಾ ಪುರಸಭೆ: ಚರಿತ್ರೆ, ಚರ್ಚಿನ ಗಂಟೆಗಳು, ಆಡಳಿತ – ಪದೇ ಪದೇ ಕೇಳುವ ಪ್ರಶ್ನೆಗಳು

ಬಲಂಗಿಗಾ ಎಲ್ಲಿದೆ? ಎಷ್ಟು ದೊಡ್ಡ ಊರು?

ಫಿಲಿಪ್ಪೀನ್ಸ್ ನಕ್ಷೆಯ ನಡುಭಾಗದಲ್ಲಿ, ಪೂರ್ವದಂಚಿಗೆ ಸಮಾರ್ ದ್ವೀಪ ಕಾಣಿಸುತ್ತದೆ. ಅದರ ದಕ್ಷಿಣ ತೀರದಲ್ಲಿ, ಲೇಟೆ ಕೊಲ್ಲಿಗೆ ಮುಖ ಮಾಡಿ, ಬಲಂಗಿಗಾ ನದಿ ಕಡಲು ಸೇರುವ ಜಾಗದಲ್ಲಿ ಈ ಊರಿದೆ. ಪಶ್ಚಿಮಕ್ಕೆ ಲವಾಆನ್, ಪೂರ್ವಕ್ಕೆ ಗಿಪೋರ್ಲೋಸ್. ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಜನರಲ್ಲಿ ಹೆಚ್ಚಿನವರು ಕರಾವಳಿಯ ರಸ್ತೆಯ ಆಚೀಚೆ ನೆಲೆಸಿದ್ದಾರೆ, ಒಳನಾಡೆಲ್ಲ ಬೆಟ್ಟ ಮತ್ತು ಕಾಡು. ತೆಂಗು, ಮೀನು, ಅಷ್ಟಿಷ್ಟು ಭತ್ತ ಇವರ ಜೀವನಾಧಾರ. ಮನೆಮಾತು ವಾರಾಯ್.

ಆಡಳಿತದ ಲೆಕ್ಕದಲ್ಲಿ ಇದು ಪೂರ್ವ ಸಮಾರ್ ಪ್ರಾಂತ್ಯಕ್ಕೆ ಸೇರಿದೆ, ಪ್ರಾಂತ್ಯದ ರಾಜಧಾನಿ ಬೊರೊಂಗಾನ್. ಆದರೆ ಹತ್ತಿರದ ದೊಡ್ಡ ನಗರವೆಂದರೆ ಜಲಸಂಧಿಯಾಚೆ ಲೇಟೆ ದ್ವೀಪದಲ್ಲಿರುವ ತಕ್ಲೋಬಾನ್.

ಇದನ್ನು ಹಳ್ಳಿ ಎನ್ನಬೇಕೋ ಪಟ್ಟಣ ಎನ್ನಬೇಕೋ?

ಎರಡೂ ಸರಿಯೇ. ಫಿಲಿಪ್ಪೀನ್ಸಿನಲ್ಲಿ ಪುರಸಭೆ ಎಂದರೆ ಬರಿಯ ಪೇಟೆಯಲ್ಲ. ಚರ್ಚು, ಚೌಕ, ಪುರಭವನ, ಮಾರುಕಟ್ಟೆ ಇರುವ ನಡುವಣ ಭಾಗಕ್ಕೆ ಪೊಬ್ಲಾಸಿಯೋನ್ ಎನ್ನುತ್ತಾರೆ. ಅದರ ಸುತ್ತಲಿನ ಹಳ್ಳಿ, ಗದ್ದೆ, ತೆಂಗಿನ ತೋಟ, ಗುಡ್ಡ ಎಲ್ಲವೂ ಅದೇ ಪುರಸಭೆಯ ಒಳಗೇ ಬರುತ್ತವೆ. ಇಡೀ ಪುರಸಭೆಯನ್ನು ಬರಂಗಾಯ್ ಎಂಬ ಘಟಕಗಳಾಗಿ ಹಂಚಲಾಗುತ್ತದೆ. ಬಲಂಗಿಗಾದಲ್ಲಿ ಅಂಥವು 13 ಇವೆ.

ಊರು ಹುಟ್ಟಿದ್ದು ಯಾವಾಗ?

ಸ್ಪೇನಿನ ಆಳ್ವಿಕೆಯಲ್ಲಿ ಇದು ಪೂರ್ವದ ಗಿವಾನ್ ಪಟ್ಟಣದ ಪಾದ್ರಿಗಳ ಕೈಕೆಳಗಿನ ಒಂದು ಕಿರು ನೆಲೆಯಾಗಿತ್ತು. ಪಾದ್ರಿ ಆಗೀಗ ದೋಣಿಯಲ್ಲಿ ಬಂದು ಪೂಜೆ ಮುಗಿಸಿ ಹೋಗುವಂಥ ಊರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸ್ವತಂತ್ರ ಪಟ್ಟಣವಾಗಿಯೂ ಪ್ರತ್ಯೇಕ ಪ್ಯಾರಿಷ್, ಎಂದರೆ ತನ್ನದೇ ಪಾದ್ರಿಯಿರುವ ಚರ್ಚಿನ ಘಟಕ, ಆಗಿಯೂ ಬೆಳೆಯಿತು. ಹುತಾತ್ಮ ಸಂತ ಲಾರೆನ್ಸನ ಹೆಸರಿನ ಚರ್ಚು ಊರಿನ ನಡುವೆ ನಿಂತಿತು.

ಆಗಿನ ಬಲಂಗಿಗಾ ಇಂದಿಗಿಂತ ದೊಡ್ಡದು. ಇಂದು ಬೇರೆ ಪುರಸಭೆಗಳಾಗಿರುವ ಲವಾಆನ್ ಮತ್ತು ಗಿಪೋರ್ಲೋಸ್ ಅಂದು ಇದರದೇ ಹಳ್ಳಿಗಳಾಗಿದ್ದವು. ಪೂರ್ವ ಸಮಾರ್ ಎಂಬ ಪ್ರಾಂತ್ಯವೂ ತೀರಾ ಹಳೆಯದಲ್ಲ. ಇಡೀ ದ್ವೀಪ ಒಂದೇ ಪ್ರಾಂತ್ಯವಾಗಿತ್ತು, ಅದನ್ನು ಮೂರಾಗಿ ಒಡೆದದ್ದು 1965ರ ಕಾಯಿದೆ.

ಸ್ಪೇನಿನ ಕಾಲದಲ್ಲಿ ಊರನ್ನು ಆಳುತ್ತಿದ್ದವರು ಯಾರು?

ಕಾಗದದ ಮೇಲೆ ಗೊಬೆರ್ನದೊರ್ಸಿಲ್ಯೊ, ಎಂದರೆ ಊರಿನ ಪುಟ್ಟ ರಾಜ್ಯಪಾಲ. ಅನುಕೂಲಸ್ಥ ಮನೆತನಗಳ ಕೆಲವೇ ಗಂಡಸರಿಗೆ ಆತನನ್ನು ಆರಿಸುವ ಹಕ್ಕಿತ್ತು. ತೆರಿಗೆ ಕೂಡಿಸುವುದು, ಬಿಟ್ಟಿ ದುಡಿಮೆಗೆ ಆಳು ಒದಗಿಸುವುದು, ಮೇಲಿನವರ ಬೈಗುಳ ತಿನ್ನುವುದು ಆತನ ಕೆಲಸ. ನಿಜವಾದ ಅಧಿಕಾರ ಬಹುಪಾಲು ಪಾದ್ರಿಯ ಕೈಯಲ್ಲಿತ್ತು. 1893ರ ಮೌರಾ ಕಾನೂನು ಊರಿನ ಆಡಳಿತಕ್ಕೆ ಐದು ಜನರ ಮಂಡಳಿಯನ್ನೂ ಸ್ವಲ್ಪ ಸ್ವಾತಂತ್ರ್ಯವನ್ನೂ ಕೊಟ್ಟಿತು. ಆದರೆ ಮೂರೇ ವರ್ಷಕ್ಕೆ ಕ್ರಾಂತಿ ಶುರುವಾಯಿತು, 1898ರಲ್ಲಿ ಸ್ಪೇನ್ ಹೊರಟು ಅಮೆರಿಕ ಬಂತು.

1901ರಲ್ಲಿ ಅಮೆರಿಕದ ಸೈನಿಕರು ಇಷ್ಟು ಸಣ್ಣ ಊರಿಗೆ ಏಕೆ ಬಂದರು?

ಬಂದರಿಗಾಗಿ. ಸಮಾರ್ ದ್ವೀಪದಲ್ಲಿ ಜನರಲ್ ವಿಸೆಂತೆ ಲುಕ್ಬಾನ್ ಅಮೆರಿಕನ್ನರ ವಿರುದ್ಧ ಗೆರಿಲ್ಲಾ ಯುದ್ಧ ನಡೆಸುತ್ತಿದ್ದ. ಫಿಲಿಪ್ಪೀನ್ಸ್ ಹೋರಾಟದ ನಾಯಕ, ಅಧ್ಯಕ್ಷ ಅಗಿನಾಲ್ಡೊ 1901ರ ಮಾರ್ಚಿನಲ್ಲೇ ಸೆರೆಸಿಕ್ಕಿದ್ದರೂ ಲುಕ್ಬಾನ್ ಬಗ್ಗಿರಲಿಲ್ಲ. ಆತನಿಗೆ ಅಕ್ಕಿ, ಸಾಮಗ್ರಿ ಹೋಗುವ ಕಡಲದಾರಿಗಳನ್ನು ಕಟ್ಟುವುದು ಅಮೆರಿಕನ್ನರ ಯೋಜನೆ. ಅದರಂತೆ 1901ರ ಆಗಸ್ಟ್ 11ರಂದು ಒಂಬತ್ತನೆಯ ಪದಾತಿ ರೆಜಿಮೆಂಟಿನ ಸಿ ಕಂಪನಿ ಬಲಂಗಿಗಾದಲ್ಲಿ ಇಳಿಯಿತು. ಒಟ್ಟು 74 ಜನ, ದಳಪತಿ ಕ್ಯಾಪ್ಟನ್ ಥಾಮಸ್ ಕಾನೆಲ್. ಕೆಲವರು ಕ್ಯೂಬಾದಲ್ಲಿ, ಕೆಲವರು ಚೀನಾದ ಬಾಕ್ಸರ್ ದಂಗೆಯಲ್ಲಿ ಕಾದಾಡಿ ಬಂದವರು.

ಮೊದಮೊದಲು ಊರಿನವರೂ ಸೈನಿಕರೂ ಹೊಂದಿಕೊಂಡೇ ಇದ್ದರು. ಅಥವಾ ಹಾಗೆ ತೋರುತ್ತಿತ್ತು.

ಹಾಗಾದರೆ ಕೆಟ್ಟದ್ದು ಎಲ್ಲಿ?

ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಕುಡಿದಿದ್ದ ಇಬ್ಬರು ಸೈನಿಕರು ಸೇಂದಿ ಅಂಗಡಿಯಲ್ಲಿದ್ದ ಹುಡುಗಿಯ ಮೇಲೆ ಕೈಹಾಕಿದರು, ಆಕೆಯ ಅಣ್ಣತಮ್ಮಂದಿರು ಬಂದು ಅವರನ್ನು ಹೊಡೆದರು. ಕಾನೆಲ್ ಇದಕ್ಕೆ ಉತ್ತರವಾಗಿ ಊರಿನ ಗಂಡಸರನ್ನು ಗುಂಪಾಗಿ ಹಿಡಿಸಿ, ತಲಾ ಹದಿನಾರು ಮಂದಿಗೆಂದು ಮಾಡಿದ ಎರಡು ಗುಡಾರಗಳಲ್ಲಿ ತುಂಬಿಸಿದ. ಮುದುಕರನ್ನೂ ರೋಗಿಗಳನ್ನೂ ಬಿಟ್ಟ ಮೇಲೂ ಎಂಬತ್ತರಷ್ಟು ಜನ ಅಲ್ಲಿಯೇ ಉಳಿದರು. ಹಗಲು ಅವರಿಂದ ಊರು ಸ್ವಚ್ಛ ಮಾಡಿಸುವುದು, ರಾತ್ರಿ ಅದೇ ಗುಡಾರಕ್ಕೆ ತಳ್ಳುವುದು. ಮನೆಮನೆಯ ಕತ್ತಿಗಳನ್ನು ಕಿತ್ತುಕೊಂಡರು. ಸಾಲದ್ದಕ್ಕೆ, ಗೆರಿಲ್ಲಾಗಳ ಪಾಲಾಗಬಾರದೆಂದು ದಾಸ್ತಾನಿನ ಅಕ್ಕಿಯನ್ನೂ ವಶಪಡಿಸಿಕೊಂಡರು.

ಅವಮಾನವನ್ನು ನುಂಗುವ ಊರು ಸಿಗಬಹುದು, ಮಳೆಗಾಲದ ಅಕ್ಕಿ ಕಳೆದುಕೊಂಡು ಸುಮ್ಮನಿರುವ ಊರು ಸಿಗುವುದು ಕಷ್ಟ.

ಸೆಪ್ಟೆಂಬರ್ 28ರಂದು ನಡೆದದ್ದೇನು?

ಹಿಂದಿನ ರಾತ್ರಿಯೇ ಹೆಂಗಸರು ಮಕ್ಕಳನ್ನು ಊರಿಂದಾಚೆ ಸಾಗಿಸಲಾಗಿತ್ತು. ಹೆಂಗಸರ ಉಡುಪು ತೊಟ್ಟ ಗಂಡಸರು ಸಣ್ಣ ಶವಪೆಟ್ಟಿಗೆಗಳನ್ನು ಹೊತ್ತು ಚರ್ಚಿಗೆ ಬಂದರು. ಕಾವಲಿನವರು ವಿಚಾರಿಸಿದಾಗ, ಕಾಲರಾಕ್ಕೆ ಸತ್ತ ಮಕ್ಕಳು ಎಂದರು. ಬೆಳಿಗ್ಗೆ ಆರೂವರೆಯ ಹೊತ್ತಿಗೆ ಸೈನಿಕರು ತಿಂಡಿಗೆ ಕುಳಿತಿದ್ದರು, ಬಹುತೇಕರ ಬಂದೂಕು ಪಕ್ಕದಲ್ಲಿರಲಿಲ್ಲ. ಊರಿನ ಪೊಲೀಸ್ ಮುಖ್ಯಸ್ಥ ವಲೆರಿಯಾನೊ ಅಬನಾದೋರ್ ಕಾವಲುಗಾರ ಅಡಾಲ್ಫ್ ಗ್ಯಾಮ್ಲಿನ್ ಬಳಿ ಹಾದುಹೋಗುವಂತೆ ನಟಿಸಿ, ಅವನ ಬಂದೂಕು ಕಸಿದು ಅದರ ಹಿಡಿಯಿಂದಲೇ ಹೊಡೆದ. ಚರ್ಚಿನ ಗಂಟೆ ಮೊಳಗಿತು. ಸುಮಾರು ಐನೂರು ಜನ ಕತ್ತಿ ಹಿಡಿದು ಏಳು ಕಡೆಯಿಂದ ನುಗ್ಗಿದರು.

ಸತ್ತ, ಕಾಣೆಯಾದ, ಗಾಯಗಳಿಂದ ಮುಂದೆ ತೀರಿಕೊಂಡ ಅಮೆರಿಕನ್ನರು ಒಟ್ಟು 48. ಗಾಯಗೊಂಡು ಬದುಕಿದವರು 22. ಏನೂ ಆಗದೆ ಪಾರಾದವರು ನಾಲ್ವರು. ಕಾನೆಲ್ ಸತ್ತ, ತಲೆಗೆ ಪೆಟ್ಟು ಬಿದ್ದ ಗ್ಯಾಮ್ಲಿನ್ ಉಳಿದ. ಊರಿನವರ ಪೈಕಿ ಸುಮಾರು 28 ಮಂದಿ ಸತ್ತರು. ಉಳಿದ ಸೈನಿಕರು ದೋಣಿಗಳಲ್ಲಿ ಬಾಸೆಯ್ ಪಟ್ಟಣದ ಕಡೆಗೆ ಪಾರಾದರು. ಮರುದಿನ ಅಲ್ಲಿಂದ ಬಂದ ಇನ್ನೊಂದು ತುಕಡಿ ಬಲಂಗಿಗಾಕ್ಕೆ ಬೆಂಕಿ ಇಟ್ಟಿತು.

ಇದು ಗೆರಿಲ್ಲಾಗಳ ದಾಳಿಯೋ, ರೊಚ್ಚಿಗೆದ್ದ ಹಳ್ಳಿಗರ ದಂಗೆಯೋ?

ಎರಡೂ ಉತ್ತರಗಳು ಚಾಲ್ತಿಯಲ್ಲಿವೆ, ಎರಡೂ ಅರ್ಧ ಸತ್ಯ ಎನ್ನುವುದು ನನ್ನ ಅಭಿಪ್ರಾಯ. ಲುಕ್ಬಾನನ ಸೇನೆಯ ಕ್ಯಾಪ್ಟನ್ ಯೂಹೇನಿಯೊ ದಾಸಾ ಸಂಚಿನಲ್ಲಿದ್ದ ನಿಜ. ಆದರೆ ಸಂಚನ್ನು ಊರಿನೊಳಗೆ ನಡೆಸಿದವರ ಹುದ್ದೆಗಳನ್ನು ನೋಡಿ: ಒಬ್ಬ ಪೊಲೀಸ್ ಮುಖ್ಯಸ್ಥ ಅಬನಾದೋರ್, ಇನ್ನೊಬ್ಬ ಊರಿನ ಅಧ್ಯಕ್ಷ ಪೆದ್ರೊ ಅಬಾಯನ್, ಎಂದರೆ ಅಂದಿನ ಮೇಯರ್. ತೆರಿಗೆ ಬಾಕಿಗೆ ಬದಲಾಗಿ ಊರು ಸ್ವಚ್ಛ ಮಾಡಲು ಸುತ್ತಲಿನ ಹಳ್ಳಿಗಳಿಂದ ಆಳುಗಳನ್ನು ಕರೆಸುತ್ತೇವೆ ಎಂದು ಇವರು ಕಾನೆಲ್‌ನನ್ನು ಒಪ್ಪಿಸಿದರು. ಬಂದ ಆಳುಗಳೇ ಹೋರಾಟಗಾರರು. ತೆರಿಗೆ ಪಟ್ಟಿ, ಬಿಟ್ಟಿ ದುಡಿಮೆ, ಹಳ್ಳಿಯಿಂದ ಜನ ಕೂಡಿಸುವ ಅಧಿಕಾರ ಎಂಬ ಮಾಮೂಲು ಆಡಳಿತ ಯಂತ್ರವನ್ನೇ ಅದನ್ನು ಪೋಷಿಸುತ್ತಿದ್ದವರ ಮೇಲೆ ತಿರುಗಿಸಿದರು.

ಇನ್ನೊಂದು ಸಂಗತಿ: ಸೈನಿಕರು ಕಾಲಿಡುವ ಮೊದಲೇ, ಮೇ 30ರಂದು ಅಬಾಯನ್ ಲುಕ್ಬಾನನಿಗೆ ಪತ್ರ ಬರೆದಿದ್ದ. ಶತ್ರು ಬಂದರೆ ಸ್ನೇಹ ನಟಿಸುತ್ತೇವೆ, ಸಮಯ ಬಂದಾಗ ಜನ ತಿರುಗಿ ಬೀಳುತ್ತಾರೆ ಎಂಬುದು ಅದರ ಸಾರ. ಗುಡಾರದ ಹಿಂಸೆ ಕಿಡಿ ಹಚ್ಚಿದ್ದು ಹೌದು, ಸೌದೆ ಮೊದಲೇ ಒಟ್ಟಿತ್ತು. ಒಂದು ಪುರಸಭೆ ತನ್ನ ಮೇಯರು, ಪೊಲೀಸ್ ಮುಖ್ಯಸ್ಥರ ಮುಂದಾಳತ್ವದಲ್ಲಿ ತೆಗೆದುಕೊಂಡ ನಿರ್ಣಯ ಇದು ಎಂದು ನೋಡಿದರೆ, ಆಮೇಲೆ ಅಮೆರಿಕದ ಸೇನೆ ಅಷ್ಟು ವಿಕೋಪಕ್ಕೆ ಹೋದದ್ದೂ ಅರ್ಥವಾಗುತ್ತದೆ. ತಾವೇ ನಂಬಿದ್ದ ಕಚೇರಿ ಕೈಕೊಟ್ಟಿತ್ತು.

ಆಮೇಲೆ?

ಜನರಲ್ ಜೇಕಬ್ ಸ್ಮಿತ್ ಸಮಾರ್ ದ್ವೀಪವನ್ನು ಊಳಿಡುವ ಬಯಲಾಗಿಸಿ ಎಂದು ಆಜ್ಞೆ ಕೊಟ್ಟ. ಯಾವ ವಯಸ್ಸಿನಿಂದ ಮೇಲೆ ಕೊಲ್ಲಬೇಕು ಎಂದು ಮರೀನ್ ಮೇಜರ್ ಲಿಟಲ್ಟನ್ ವಾಲರ್ ಕೇಳಿದಾಗ ಬಂದ ಉತ್ತರ: ಹತ್ತು ವರ್ಷ. ವಾಲರ್ ಆ ಆಜ್ಞೆಯನ್ನು ಅಕ್ಷರಶಃ ಪಾಲಿಸಲಿಲ್ಲ, ಆದರೆ ಹಳ್ಳಿಗಳು ಸುಟ್ಟವು, ದನಕರು ಸತ್ತವು, ಬೆಳೆ ನಾಶವಾಯಿತು. ಸತ್ತ ನಾಗರಿಕರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಎರಡು–ಎರಡೂವರೆ ಸಾವಿರ ಎನ್ನುವವರಿದ್ದಾರೆ, ಐವತ್ತು ಸಾವಿರ ಎನ್ನುವವರೂ ಇದ್ದಾರೆ. 1902ರಲ್ಲಿ ಸ್ಮಿತ್ ಸೇನಾ ನ್ಯಾಯಾಲಯದ ಮುಂದೆ ನಿಂತ. ಶಿಕ್ಷೆ ವಾಗ್ದಂಡನೆ, ಬಳಿಕ ಕಡ್ಡಾಯ ನಿವೃತ್ತಿ. ಅಷ್ಟೇ.

ಗಂಟೆಗಳ ಕಥೆ ಏನು?

ಊರನ್ನು ಸುಟ್ಟ ಬಳಿಕ ಸೈನಿಕರು ಚರ್ಚಿನ ಮೂರು ಗಂಟೆಗಳನ್ನು ಗೆಲುವಿನ ಗುರುತಾಗಿ ಒಯ್ದರು. ಎರಡು ವಯೋಮಿಂಗ್ ರಾಜ್ಯದ ಶಾಯೆನ್ ಬಳಿಯ ಸೇನಾ ನೆಲೆಗೆ ಹೋದವು. ಅದು ಮುಂದೆ ವಾಯುನೆಲೆಯಾಯಿತು. ಮೂರನೆಯದು ಒಂಬತ್ತನೆಯ ರೆಜಿಮೆಂಟಿನ ಜೊತೆ ಅಲೆದು ಕೊನೆಗೆ ದಕ್ಷಿಣ ಕೊರಿಯಾದ ಶಿಬಿರವೊಂದರಲ್ಲಿ ನೆಲೆಸಿತು.

ವಾಪಸು ಕೊಡಿ ಎಂದು ಫಿಲಿಪ್ಪೀನ್ಸ್ ಅಧ್ಯಕ್ಷ ರಾಮೋಸ್ 1990ರ ದಶಕದಲ್ಲಿ ಕೇಳಿದರು, ಬೊರೊಂಗಾನಿನ ಬಿಷಪ್ಪರು ಕೇಳಿದರು. ವಯೋಮಿಂಗಿನ ಮಾಜಿ ಸೈನಿಕರ ಸಂಘಟನೆಗಳು ಹಾಗೂ ಜನಪ್ರತಿನಿಧಿಗಳು ಸತ್ತವರ ಸ್ಮಾರಕವನ್ನು ಬಿಚ್ಚಬಾರದು ಎಂದು ಪಟ್ಟು ಹಿಡಿದರು. ನಿಧಾನವಾಗಿ ಆ ಪಾಳಯದಲ್ಲೂ ಅಭಿಪ್ರಾಯ ಬದಲಾಯಿತು. 2017ರ ಜುಲೈಯಲ್ಲಿ ಅಧ್ಯಕ್ಷ ಡುಟರ್ಟೆ ತಮ್ಮ ವಾರ್ಷಿಕ ಭಾಷಣದಲ್ಲೇ ಬೇಡಿಕೆ ಇಟ್ಟರು, ಅಮೆರಿಕದ ಸಂಸತ್ತು ರಕ್ಷಣಾ ಕಾಯಿದೆಯಲ್ಲಿ ದಾರಿ ತೆರೆಯಿತು. 2018ರ ಡಿಸೆಂಬರ್ 11ರಂದು ಸೇನಾ ವಿಮಾನದಲ್ಲಿ ಗಂಟೆಗಳು ಮನಿಲಾಕ್ಕೆ ಬಂದವು. ಡಿಸೆಂಬರ್ 15ರಂದು ಬಲಂಗಿಗಾದಲ್ಲಿ ಹಸ್ತಾಂತರವಾಯಿತು. ಮರುದಿನ ನಸುಕಿನಿಂದ ಕ್ರಿಸ್‌ಮಸ್‌ಗೆ ಮುನ್ನಿನ ಒಂಬತ್ತು ದಿನಗಳ ಪೂಜೆ ಶುರುವಾಗುವುದಿತ್ತು. ದಿನ ಗೊತ್ತುಮಾಡಿದವರು ಯಾರೇ ಇರಲಿ, ಊರಿನ ಮನಸ್ಸು ಬಲ್ಲವರು.

ಗಂಟೆಗಳು ಈಗ ಯಾರ ಸ್ವತ್ತು?

ಪ್ಯಾರಿಷ್‌ನದು, ಸರಕಾರದ್ದಲ್ಲ, ಪುರಸಭೆಯದ್ದೂ ಅಲ್ಲ. ಮರಳಿದ ಹೊಸತರಲ್ಲೇ ಒಂದನ್ನು ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿಡಬೇಕು ಎಂಬ ಸೂಚನೆ ಸೆನೆಟ್ಟಿನಲ್ಲಿ ಕೇಳಿಬಂತು. ಬೊರೊಂಗಾನ್ ಧರ್ಮಪ್ರಾಂತ್ಯ ಒಪ್ಪಲಿಲ್ಲ. ಒಪ್ಪದಿದ್ದದ್ದು ಸರಿ. ನೂರಾ ಹದಿನೇಳು ವರ್ಷ ಪರರ ನೆಲದಲ್ಲಿದ್ದ ವಸ್ತುವನ್ನು ಪುನಃ ಊರಿನಿಂದ ಒಯ್ಯುವ ಮಾತಾಡಲು ಒಂದು ತಿಂಗಳಾದರೂ ಕಾಯಬಹುದಿತ್ತು.

ಸೆಪ್ಟೆಂಬರ್ 28 ರಜಾದಿನವೇ?

ಪೂರ್ವ ಸಮಾರ್ ಪ್ರಾಂತ್ಯದಲ್ಲಿ ಹೌದು, 1989ರ ಕಾಯಿದೆಯ ಪ್ರಕಾರ. ಚೌಕದಲ್ಲಿ ಆ ಮುಂಜಾನೆಯ ಶಿಲ್ಪಸಮೂಹವಿದೆ. ವಾರ್ಷಿಕ ಆಚರಣೆಯಲ್ಲಿ ಅಂದಿನ ಘಟನೆಯನ್ನು ಅಭಿನಯಿಸಿ ತೋರಿಸುತ್ತಾರೆ.

ಇಂದು ಪುರಸಭೆಯ ಆಡಳಿತ ಹೇಗಿದೆ?

ದೇಶದ ಎಲ್ಲ ಪುರಸಭೆಗಳಂತೆ ಇದೂ 1991ರ ಸ್ಥಳೀಯ ಸರಕಾರ ಸಂಹಿತೆಯ ಪ್ರಕಾರ ನಡೆಯುತ್ತದೆ. ಅದು 1992ರ ಜನವರಿ 1ರಂದು ಜಾರಿಗೆ ಬಂತು. ಮತದಾರರು ಮೇಯರ್, ಉಪಮೇಯರ್ ಇಬ್ಬರನ್ನೂ ನೇರವಾಗಿ ಮತ್ತು ಪ್ರತ್ಯೇಕವಾಗಿ ಆರಿಸುತ್ತಾರೆ. ಆದ್ದರಿಂದ ಮೇಯರ್ ಒಂದು ಪಕ್ಷ, ಉಪಮೇಯರ್ ಎದುರು ಪಕ್ಷ ಆಗುವುದು ವಿರಳವೇನಲ್ಲ. ಆಗ ಮೂರು ವರ್ಷ ಪುರಭವನದಲ್ಲಿ ಮುಸುಕಿನ ಗುದ್ದಾಟ.

ಉಪಮೇಯರ್ ಕೇವಲ ಅಲಂಕಾರದ ಹುದ್ದೆಯಲ್ಲ. ಊರಿನ ಶಾಸನಸಭೆಯಾದ ಸಂಗುನಿಯಾಂಗ್ ಬಾಯನ್‌ಗೆ ಆತನೇ ಸಭಾಪತಿ. ಅದರಲ್ಲಿ ಚುನಾಯಿತ ಸದಸ್ಯರು ಎಂಟು. ಜೊತೆಗೆ ಬರಂಗಾಯ್ ಮುಖ್ಯಸ್ಥರ ಒಕ್ಕೂಟದ ಅಧ್ಯಕ್ಷ, ಯುವಸಭೆಗಳ ಒಕ್ಕೂಟದ ಅಧ್ಯಕ್ಷ ಪದನಿಮಿತ್ತ ಸದಸ್ಯರು. ಬಜೆಟ್, ತೆರಿಗೆ, ಊರಿನ ನಿಯಮಾವಳಿ ಇಲ್ಲಿ ಪಾಸಾಗಬೇಕು. ಮೇಯರ್ ತಡೆಹಿಡಿಯಬಹುದು, ಮೂರನೇ ಎರಡರಷ್ಟು ಸದಸ್ಯರು ಆ ತಡೆಯನ್ನು ಮುರಿಯಬಹುದು. ಪಾಸಾದ ನಿಯಮ ಕಾನೂನಿಗೆ ಹೊಂದುತ್ತದೆಯೇ ಎಂದು ಪ್ರಾಂತ್ಯದ ಮಂಡಳಿ ಪರಿಶೀಲಿಸುತ್ತದೆ.

ಅವಧಿ ಮೂರು ವರ್ಷ, ಒಂದೇ ಹುದ್ದೆಯಲ್ಲಿ ಸತತ ಮೂರು ಸಲ ಮಾತ್ರ. ಚುನಾವಣೆ ಮೇ ತಿಂಗಳ ಎರಡನೆಯ ಸೋಮವಾರ. ಕಳೆದದ್ದು 2025ರ ಮೇ 12ರಂದು ನಡೆಯಿತು.

ಬರಂಗಾಯ್ ಏನು ಮಾಡುತ್ತದೆ?

ಸರಕಾರದ ಅತಿ ಚಿಕ್ಕ ಘಟಕ ಅದು. ಪುನೋಂಗ್ ಬರಂಗಾಯ್ ಎಂಬ ಮುಖ್ಯಸ್ಥ, ಕಗವದ್ ಎಂಬ ಏಳು ಸದಸ್ಯರು. ಮೊದಲು ಬಾರ್ಯೊ ಎನ್ನುತ್ತಿದ್ದರು. ಅಂದಿನ ಅಧ್ಯಕ್ಷ ಮಾರ್ಕೋಸ್ 1974ರಲ್ಲಿ ಈಗಿನ ಹೆಸರು ಕೊಟ್ಟರು. ನಿವಾಸ ಪ್ರಮಾಣಪತ್ರ, ಶಿಶುಪಾಲನಾ ಕೇಂದ್ರ, ರಾತ್ರಿ ಗಸ್ತು, ಬೀದಿದೀಪ ಇಲ್ಲಿನ ದಿನನಿತ್ಯದ ವ್ಯವಹಾರ. ಕಾಗದದ ಮಟ್ಟಿಗೆ ಬರಂಗಾಯ್ ಚುನಾವಣೆ ಪಕ್ಷಾತೀತ.

ಅತಿ ಉಪಯುಕ್ತ ಕೆಲಸವೆಂದರೆ ನ್ಯಾಯ ಪಂಚಾಯಿತಿ. ಲುಪೋನ್ ಎಂಬ ಹತ್ತರಿಂದ ಇಪ್ಪತ್ತು ಹಿರಿಯರ ಮಂಡಳಿಯನ್ನು ಮುಖ್ಯಸ್ಥ ನೇಮಿಸುತ್ತಾನೆ. ಒಂದೇ ಪುರಸಭೆಯ ಇಬ್ಬರ ನಡುವಿನ ಬೇಲಿ ಜಗಳ, ಸಾಲದ ತಕರಾರು, ಒಂದು ವರ್ಷಕ್ಕಿಂತ ಹೆಚ್ಚು ಸೆರೆಯಿಲ್ಲದ ಸಣ್ಣ ಅಪರಾಧ ಮೊದಲು ಇಲ್ಲಿಗೆ ಬರಬೇಕು. ಮುಖ್ಯಸ್ಥನೇ ರಾಜಿಗೆ ಯತ್ನಿಸುತ್ತಾನೆ. ಬಗೆಹರಿಯದಿದ್ದರೆ ಲುಪೋನ್‌ನಿಂದ ಆರಿಸಿದ ಮೂವರು ಕೂರುತ್ತಾರೆ. ಅಲ್ಲೂ ಆಗಲಿಲ್ಲವೆಂಬ ಪತ್ರವಿಲ್ಲದೆ ನ್ಯಾಯಾಲಯ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳುವುದಿಲ್ಲ. ಈ ಹಂತದಲ್ಲಿ ವಕೀಲರಿಗೆ ಪ್ರವೇಶವಿಲ್ಲ. ಕಾಯಿದೆಯ ಇಷ್ಟುದ್ದ ಪುಟಗಳಲ್ಲಿ ನನಗೆ ಅತಿ ಹಿಡಿಸಿದ ನಿಯಮ ಅದು.

ದುಡ್ಡು ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ಮನಿಲಾದಿಂದ. ಆಸ್ತಿ ತೆರಿಗೆ, ವ್ಯಾಪಾರ ಪರವಾನಗಿ, ಮಾರುಕಟ್ಟೆ ಶುಲ್ಕ ಇವೆ. ತೆಂಗು ಮತ್ತು ಮೀನಿನ ಮೇಲೆ ನಿಂತ ಊರಿನಲ್ಲಿ ಅವುಗಳಿಂದ ಬರುವುದು ಕಡಿಮೆ. ಉಳಿದದ್ದು ರಾಷ್ಟ್ರೀಯ ತೆರಿಗೆಯ ಪಾಲು. ಮೂರು ವರ್ಷ ಹಿಂದಿನ ರಾಷ್ಟ್ರೀಯ ತೆರಿಗೆ ಸಂಗ್ರಹದ ಶೇ. 40ನ್ನು ಸ್ಥಳೀಯ ಸರಕಾರಗಳಿಗೆ ಹಂಚಬೇಕು, ಪ್ರಾಂತ್ಯಗಳಿಗೆ ಶೇ. 23, ನಗರಗಳಿಗೆ ಶೇ. 23, ಪುರಸಭೆಗಳಿಗೆ ಶೇ. 34, ಬರಂಗಾಯ್‌ಗಳಿಗೆ ಶೇ. 20. ಪುರಸಭೆಗಳೊಳಗೆ ಹಂಚುವಾಗ ಅರ್ಧ ಜನಸಂಖ್ಯೆಯ ಮೇಲೆ, ಕಾಲು ವಿಸ್ತೀರ್ಣದ ಮೇಲೆ, ಇನ್ನು ಕಾಲು ಎಲ್ಲರಿಗೂ ಸಮ. ಜನ ಕಡಿಮೆ, ನೆಲ ಹೆಚ್ಚು ಇರುವ ಬಲಂಗಿಗಾದಂಥ ಊರುಗಳನ್ನು ಕೊನೆಯ ಎರಡು ಕಾಲುಗಳು ಕಾಪಾಡುತ್ತವೆ.

ಕೇಂದ್ರ ಬಹುಕಾಲ ಕಸ್ಟಮ್ಸ್ ಸಂಗ್ರಹವನ್ನು ಈ ಲೆಕ್ಕದಿಂದ ಹೊರಗಿಟ್ಟಿತ್ತು. ಅದು ತಪ್ಪು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಮಂಡಾನಾಸ್ ಪ್ರಕರಣದಲ್ಲಿ ಹೇಳಿತು. ಹೆಚ್ಚಿದ ಪಾಲು 2022ರಿಂದ ಸಿಗತೊಡಗಿತು. ಅದರ ಹಿಂದೆಯೇ ಇನ್ನಷ್ಟು ಹೊಣೆಗಳನ್ನೂ ಕೆಳಕ್ಕೆ ದಾಟಿಸಲು ಕೇಂದ್ರ ಹೊರಟಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವುದನ್ನು ಯಾವ ದೇಶದ ಹಣಕಾಸು ಇಲಾಖೆಗೂ ಕಲಿಸಿಕೊಡಬೇಕಿಲ್ಲ.

ಇಷ್ಟು ಸಣ್ಣ ಊರಿಗೆ ಪ್ರತ್ಯೇಕ ಪುರಸಭೆ ಬೇಕೇ?

ಹೊಸದಾಗಿ ಪುರಸಭೆ ರಚಿಸಲು 1991ರ ಸಂಹಿತೆ ಕೇಳುವುದು ಕನಿಷ್ಠ 25,000 ಜನ, 50 ಚದರ ಕಿಲೋಮೀಟರ್ ನೆಲ, ನಿಗದಿತ ಆದಾಯ, ಮೇಲೆ ಜನಮತಗಣನೆ. ಬಲಂಗಿಗಾ ಇಂದು ಅರ್ಜಿ ಹಾಕಿದರೆ ಮೊದಲ ಷರತ್ತಿನಲ್ಲೇ ಬಿದ್ದುಹೋಗುತ್ತದೆ. ಸಂಹಿತೆಗಿಂತ ಮೊದಲೇ ಇದ್ದ ಪುರಸಭೆಗಳು ಹಾಗೇ ಮುಂದುವರಿಯಬಹುದು ಎಂಬ ಕಲಮು ಇದನ್ನು ಉಳಿಸಿದೆ. ಕಾಡುದಾರಿಯ ಹಳ್ಳಿಯವನು ವೈದ್ಯರ ಸಹಿಗಾಗಿ ಅರ್ಧ ದಿನದ ಪಯಣ ಮಾಡಬಾರದು ಎಂದಿದ್ದರೆ ಪುರಭವನ ಹತ್ತಿರವೇ ಇರಬೇಕು ಎನ್ನುವುದು ನನ್ನ ನಿಲುವು.

ಪೊಲೀಸರು, ಶಾಲೆಗಳು ಮೇಯರ್ ಕೈಯಲ್ಲಿವೆಯೇ?

ಶಾಲೆಗಳು ರಾಷ್ಟ್ರೀಯ ಶಿಕ್ಷಣ ಇಲಾಖೆಯವು. ಊರಿನ ಶಾಲಾ ಮಂಡಳಿಗೆ ಆಸ್ತಿ ತೆರಿಗೆಯ ಮೇಲಿನ ಶೇ. 1ರ ವಿಶೇಷ ನಿಧಿ ಮಾತ್ರ. ಪ್ರಾಥಮಿಕ ಆರೋಗ್ಯ ಕೇಂದ್ರ, ಕೃಷಿ ಸಲಹೆ, ಸಮಾಜ ಕಲ್ಯಾಣ ಇವು ಪೂರ್ತಿ ಪುರಸಭೆಯವು.

ಪೊಲೀಸರು ರಾಷ್ಟ್ರೀಯ ಪಡೆಯವರು. ಊರಿನ ಪೊಲೀಸ್ ಮುಖ್ಯಸ್ಥನ ಹುದ್ದೆಗೆ ಪ್ರಾಂತ್ಯದ ಪೊಲೀಸ್ ನಿರ್ದೇಶಕರು ಕೊಡುವ ಐದು ಹೆಸರುಗಳಲ್ಲಿ ಒಂದನ್ನು ಮೇಯರ್ ಆರಿಸುತ್ತಾನೆ, ಪಡೆಯ ದೈನಂದಿನ ಬಳಕೆಯ ಮೇಲೆ ನಿಗಾ ಇಡುತ್ತಾನೆ. ಊರಿನವನೇ ಆದ, ಊರಿಗಷ್ಟೇ ಉತ್ತರಿಸುವ ಅಬನಾದೋರನಂಥ ಪೊಲೀಸ್ ಮುಖ್ಯಸ್ಥ ಇಂದಿನ ಕಾನೂನಿನಲ್ಲಿ ಸಾಧ್ಯವಿಲ್ಲ.

ಕುಟುಂಬ ರಾಜಕಾರಣಕ್ಕೆ ತಡೆ ಇಲ್ಲವೇ?

1987ರ ಸಂವಿಧಾನ ರಾಜಕೀಯ ವಂಶಪಾರಂಪರ್ಯವನ್ನು ನಿಷೇಧಿಸುತ್ತದೆ, ಕಾನೂನು ವ್ಯಾಖ್ಯಾನಿಸುವಂತೆ ಎಂಬ ಬಾಲವನ್ನೂ ಸೇರಿಸುತ್ತದೆ. ಆ ಕಾನೂನನ್ನು ಬರೆಯಬೇಕಾದ ಸಂಸತ್ತಿನಲ್ಲಿ ಕುಳಿತವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಮೂರು ಅವಧಿ ಮುಗಿಸಿದ ಮೇಯರ್ ಹೆಂಡತಿಯನ್ನೋ ಮಗನನ್ನೋ ನಿಲ್ಲಿಸುವುದು ದೇಶದ ಉದ್ದಗಲಕ್ಕೂ ಮಾಮೂಲು. ಮೊದಲ ನಿಜವಾದ ತಡೆ ಬಂದದ್ದು ಯುವಸಭೆಯಲ್ಲಿ: 2016ರ ಕಾಯಿದೆಯಂತೆ ಹಾಲಿ ಅಧಿಕಾರಸ್ಥರ ಹತ್ತಿರದ ನೆಂಟರು ಸಂಗುನಿಯಾಂಗ್ ಕಬತಾಆನ್ ಎಂಬ ಈ ಸಭೆಯ ಚುನಾವಣೆಗೆ ನಿಲ್ಲುವಂತಿಲ್ಲ. ಹದಿನೆಂಟರಿಂದ ಇಪ್ಪತ್ತನಾಲ್ಕರ ಹರೆಯದವರಿಗೆ ಹಾಕಿದ ನಿಯಮವನ್ನು ಅವರ ಅಪ್ಪಂದಿರು ತಮಗೆ ಹಾಕಿಕೊಂಡಿಲ್ಲ.

ಮೇಯರನ್ನು ನಡುವೆ ಕೆಳಗಿಳಿಸಬಹುದೇ?

ಮತದಾರರು ಇಪ್ಪತ್ತು ಸಾವಿರಕ್ಕಿಂತ ಹೆಚ್ಚಿಲ್ಲದ ಊರಿನಲ್ಲಿ ಶೇ. 25ರಷ್ಟು ಮತದಾರರ ಸಹಿ ಇದ್ದರೆ ಮರುಚುನಾವಣೆ ಕೇಳಬಹುದು. ಅಧಿಕಾರ ಹಿಡಿದ ಮೊದಲ ವರ್ಷ, ಮುಂದಿನ ಚುನಾವಣೆಗೆ ಮುನ್ನಿನ ವರ್ಷ ಕೇಳುವಂತಿಲ್ಲ. ಮೂರು ವರ್ಷದ ಅವಧಿಯಲ್ಲಿ ಉಳಿಯುವುದು ನಡುವಿನ ಒಂದೇ ವರ್ಷ.

2013ರ ಚಂಡಮಾರುತ ಇಲ್ಲಿಗೂ ತಟ್ಟಿತೇ?

ತಟ್ಟಿತು. ಹೊರಜಗತ್ತು ಹೈಯಾನ್ ಎಂದೂ ಫಿಲಿಪ್ಪೀನ್ಸ್ ಯೋಲಾಂದಾ ಎಂದೂ ಕರೆದ ಚಂಡಮಾರುತ 2013ರ ನವೆಂಬರ್ 8ರ ನಸುಕಿನಲ್ಲಿ ಮೊದಲು ನೆಲ ಮುಟ್ಟಿದ್ದು ಗಿವಾನಿನಲ್ಲಿ. ಬಲಂಗಿಗಾ ಇರುವುದು ಗಿವಾನ್ ಮತ್ತು ತಕ್ಲೋಬಾನ್ ನಡುವೆ. ಮನೆಗಳ ಸೂರು ಹಾರಿತು, ಚರ್ಚು ಜಖಂಗೊಂಡಿತು, ತೆಂಗಿನ ಮರಗಳು ನೆಲಕ್ಕೊರಗಿದವು. ಕೊನೆಯದ್ದೇ ದೊಡ್ಡ ಹೊಡೆತ. ಹೊಸ ಸಸಿ ನೆಟ್ಟರೆ ಫಲ ಕಾಣಲು ಆರೇಳು ವರ್ಷ. ಅಷ್ಟು ಕಾಲ ಕೊಬ್ಬರಿ ನಂಬಿದ ಕುಟುಂಬಕ್ಕೆ ಆದಾಯವಿಲ್ಲ.

ಆಡಳಿತಕ್ಕೆ ಸಂಬಂಧಿಸಿ ಹೇಳುವುದಾದರೆ, 2010ರ ವಿಪತ್ತು ಕಾಯಿದೆ ಪುರಸಭೆಗಳು ಆದಾಯದ ಕನಿಷ್ಠ ಶೇ. 5ನ್ನು ವಿಪತ್ತು ನಿಧಿಗೆ ಇಡಬೇಕೆನ್ನುತ್ತದೆ, ಅದರಲ್ಲಿ ಶೇ. 30 ತುರ್ತು ವೆಚ್ಚಕ್ಕೆ, ಉಳಿದದ್ದು ಮುನ್ನೆಚ್ಚರಿಕೆಗೆ. ಬಡ ಪುರಸಭೆಯ ಶೇ. 5 ಎಂದರೆ ಸಣ್ಣ ಮೊತ್ತವೇ. ಅತಿ ಹೆಚ್ಚು ಗಾಳಿ ತಿನ್ನುವ ಪೂರ್ವ ತೀರದ ಊರುಗಳೇ ಅತಿ ಬಡವಾಗಿರುವುದರಿಂದ ಈ ಸೂತ್ರ ತಲೆಕೆಳಗಾಗಿದೆ.

ಹೋಗುವುದು ಹೇಗೆ?

ಮನಿಲಾ ಅಥವಾ ಸೆಬುವಿನಿಂದ ವಿಮಾನದಲ್ಲಿ ತಕ್ಲೋಬಾನ್. ಅಲ್ಲಿಂದ ಗಿವಾನ್ ಕಡೆಗಿನ ವ್ಯಾನುಗಳು 1973ರಲ್ಲಿ ತೆರೆದ, ಎರಡು ಕಿಲೋಮೀಟರಿಗೂ ಉದ್ದದ ಸಾನ್ ಹುವಾನಿಕೊ ಸೇತುವೆ ದಾಟಿ, ಬಾಸೆಯ್, ಮರಾಬುತ್, ಲವಾಆನ್ ಮೂಲಕ ಬಲಂಗಿಗಾಕ್ಕೆ ಬರುತ್ತವೆ. ಮರಾಬುತ್ ಬಳಿ ಕಡಲಲ್ಲಿ ನಿಂತ ಸುಣ್ಣಕಲ್ಲಿನ ಬಂಡೆಗಳು ಬಲಗಡೆ ಕಾಣುವುದರಿಂದ ಬಲಬದಿಯ ಕಿಟಕಿ ಹಿಡಿಯಿರಿ. ಭಾರತೀಯ ಪ್ರವಾಸಿಗರಿಗೆ 2025ರ ಜೂನ್‌ನಿಂದ ಹದಿನಾಲ್ಕು ದಿನಗಳ ಮಟ್ಟಿಗೆ ವೀಸಾ ಇಲ್ಲದ ಪ್ರವೇಶ ಆರಂಭವಾಗಿದೆ. ಹೊರಡುವ ಮುನ್ನ ನಿಯಮವನ್ನು ಮತ್ತೊಮ್ಮೆ ನೋಡಿಕೊಳ್ಳಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತದ ಭಯವಿರುತ್ತದೆ. ಸೆಪ್ಟೆಂಬರ್ 28ಕ್ಕೇ ಹೋಗಬೇಕೆಂದಿದ್ದರೆ ತಂಗಲು ತಕ್ಲೋಬಾನ್ ಅಥವಾ ಗಿವಾನಿನಲ್ಲಿ ಮೊದಲೇ ಕೋಣೆ ಕಾದಿರಿಸಿ.